ಕೊರೆದೊಯ್ದ ಗೋಡೆ

ಸಾವೊ ಪಾಲೊದ ಮೇಲ್ಸೇತುವೆ ಕೆಳಗೆ
ಟೈರಂಗಡಿಯ ಪಕ್ಕದ ಗೋಡೆ ಈಗಿಲ್ಲ.
ಗರಗಸ ತಂದು ಹಲಸು ಬಿಡಿಸಿದ ಹಾಗೆ ಬಿಡಿಸಿ
ಗ್ಯಾಲರಿಗೆ ಒಯ್ದರು.
ದುಡ್ಡು ಅಂಗಡಿಯವನಿಗೆ.

ಜಾಂದಿರಾ ನೋಡಲು ಹೋದಳು.
ಹನ್ನೊಂದೇ ನಿಮಿಷದಲ್ಲಿ, ಕತ್ತಲಲ್ಲಿ,
ತಾನೇ ಬಳಿದ ಹೆಂಗಸು:
ಈಗ ಏಳು ದೀಪ, ಸುತ್ತ ಹಗ್ಗ.
ಎಡಗೈ ಇಲ್ಲ.
ಇಲ್ಲದ ಆ ಕೈ
ಮಹಾನಗರದ ಅನಾಥಪ್ರಜ್ಞೆಯಂತೆ,
ಚೀಟಿಯಲ್ಲಿತ್ತು.

‘ಅಯ್ಯೋ, ತಮ್ಮ ಶಿಳ್ಳೆ ಹಾಕಿದ,
ಪೊಲೀಸು ಬಂತು, ಓಡಿದೆ’ ಅಂದಳು.
ವೈನು ಹಿಡಿದವರು ನಕ್ಕರು.
ಕಾವಲಿನವನು ನಗಲಿಲ್ಲ;
ಅವಳ ಉಗುರ ಸಂದಿಯ ನೀಲಿ ನೋಡಿ
ಹಗ್ಗವನ್ನು ಒಂದು ಗೇಣು
ಸಡಿಲಿಸಿದ.

ಮುಟ್ಟಲಿಲ್ಲ ಅವಳು.

ಕೊನೆಯ ಬಸ್ಸಿಳಿದು ಬಂದರೆ
ಗೋಡೆಯಿದ್ದಲ್ಲಿ ಒಂದು ಚೌಕ ಬೆಳಕು.
ಬೀದಿನಾಯಿ ದಿನದಂತೆ ಬಂದು
ಕಾಲೆತ್ತಿ,
ತಬ್ಬಿಬ್ಬಾಗಿ
ಇಳಿಸಿತು.