ಕೊಂಡಿಯಿಲ್ಲದ ಸರ

ಟೇಮಾ ಬಂದರಿನ ಮೂರನೇ ಶೆಡ್ಡು. ಬೆಳಗಿನ ಹತ್ತೂವರೆ.
ತಗಡಿನ ಕೆಳಗೆ ಆಗಲೇ ಕಾವಲಿಯ ಕಾವು.
ಅಯಿಟೆ ಕಂಟೇನರಿನ ಸೀಲು ಕತ್ತರಿಸುತ್ತಾನೆ,
ಹಳೆಯ ಏಜೆಂಟು, ನಗುವನ್ನು ಜೇಬಿನಲ್ಲಿಟ್ಟುಕೊಂಡೇ ಬರುವವನು.
'ಬರೀ ಗಾಜಿನ ಮಣಿ, ಡೇಡೆ ಮೇಡಂ,
ನೂರ ಎಂಬತ್ತು ಪೆಟ್ಟಿಗೆ. ಬೇಗ ಬರೆದುಬಿಡಿ.'

ಬರೀ ಅನ್ನುವ ಮಾತಿಗೆ
ನನ್ನ ಪುಸ್ತಕದಲ್ಲಿ ಸಂಖ್ಯೆ ಇಲ್ಲ.

ಮಣಿಯಾದರೆ ಎಪ್ಪತ್ತು ಹದಿನೆಂಟು.
ಒಡವೆಯಾದರೆ, ಅದೂ ನಕಲಿಯಾದರೆ, ಎಪ್ಪತ್ತೊಂದು ಹದಿನೇಳು.
ಚಿನ್ನ ಬೆಳ್ಳಿಗೆ ಹದಿಮೂರು; ಆ ಮನೆಯ ಬಾಗಿಲೇ ಬೇರೆ,
ಗಿಲೀಟು ಎಷ್ಟೇ ಮಿನುಗಿದರೂ ಅಲ್ಲಿಯ ಹೊಸಿಲು ದಾಟುವ ಹಾಗಿಲ್ಲ.
ತಲೆಗೆ ಸಿಕ್ಕಿಸುವ ಪಿನ್ನು ಒಡವೆಯಲ್ಲ. ಗುಂಡಿಯೂ ಅಲ್ಲ.
ಶರ್ಟಿನ ತೋಳಿಗೆ ಹಾಕುವ ಕಫ್‌ಲಿಂಕು ಮಾತ್ರ ಒಡವೆ!
ಗಂಡಸರು ಬರೆದದ್ದಿರಬೇಕು ಈ ಅಧ್ಯಾಯ.

ಮಣಿಗೂ ಒಡವೆಗೂ ನಡುವಿನ ಗಡಿಯೆಂದರೆ ಒಂದು ಕೊಂಡಿ.
ಸಾಗಣೆಯ ಅನುಕೂಲಕ್ಕೆಂದು ಪೋಣಿಸಿದ್ದರೆ ಅದು ಇನ್ನೂ ಮಣಿಯೇ.
ತುದಿಗೆ ಕೊಂಡಿ ಬಿತ್ತೋ, ಕೊರಳು ಸಿಕ್ಕ ಲೆಕ್ಕ:
ಸುಂಕದ ಅಂಕಣ ಬದಲು.

ಪೆಟ್ಟಿಗೆ ಒಡೆದೆವು.
ಹಳದಿ, ಅದರ ಮೇಲೆ ಕೆಂಪು ಗೀರು, ನೀಲಿ ಕಣ್ಣು.
ಬಲ್ಲೆ ನಾನು ಇದನ್ನು.
ಒಡುಮಾಸೆಯ ಅಂಗಳದಲ್ಲಿ ಅಜ್ಜಿ
ಒಡೆದ ಬಿಯರು ಬಾಟಲಿ ಕುಟ್ಟಿ, ಜರಡಿ ಹಿಡಿದು,
ಮಣ್ಣಿನ ಅಚ್ಚಿನ ಕುಳಿಗಳಿಗೆ ಪುಡಿ ತುಂಬಿ,
ತೂತಿಗೆಂದು ಮರಗೆಣಸಿನ ಎಲೆಯ ಕಡ್ಡಿ ನೆಟ್ಟು
ಗೂಡೊಲೆಯೊಳಗೆ ತಳ್ಳುತ್ತಿದ್ದಳು.
ಕಡ್ಡಿ ಉರಿದುಹೋಗುತ್ತಿತ್ತು. ತೂತು ಉಳಿಯುತ್ತಿತ್ತು.
ಅವಳ ಮಣಿ ಒಂದರಂತೆ ಒಂದಿಲ್ಲ.
ಇವು ಅವಳಿ ಜವಳಿಯೂ ಅಲ್ಲ,
ಒಂದೇ ಮಗುವನ್ನು ನಲವತ್ತು ಸಾವಿರ ಸಲ ಹೆತ್ತ ಹಾಗಿವೆ.

'ಕೊಂಡಿ ಎಲ್ಲಿದೆ ತೋರಿಸಿ,' ಅಯಿಟೆ ಸರ ಎತ್ತಿ ಹಿಡಿದ.
'ಹತ್ತಿಯ ದಾರ. ತುದಿಗೊಂದು ಗಂಟು. ಅಷ್ಟೆ.'
ಮಾಲೀಕಳು ಮಕೋಲಾ ಮಾರ್ಕೆಟ್ಟಿನ ಎಸಿನಾಮ್ ಅಂತೆ.
ಸಾಲ, ಮಗನ ಫೀಸು, ಕುಸಿದ ಸೆಡಿಯ ಬೆಲೆ, ಎಲ್ಲ ಹೇಳಿದ.
ಸುಂಕದವಳ ಮುಂದೆ ಸುಖದುಃಖ.
ಕೇಳಿಸಿಕೊಂಡೆ. ಅದಕ್ಕೂ ಸಂಖ್ಯೆ ಇಲ್ಲ.

ಗಂಟನ್ನು ನೋಡಿದೆ.

ನನ್ನ ಸಮವಸ್ತ್ರದ ಒಳಗೆ, ಬೆಲ್ಟಿನ ಕೆಳಗೆ
ಒಂದು ಸರವಿದೆ. ಹೆಸರಿಟ್ಟ ದಿನ ಅಜ್ಜಿ ಕಟ್ಟಿದ್ದು,
ಮೈ ಬೆಳೆದಂತೆ ದಾರ ಕೊಯ್ದು, ಮಣಿ ಸೇರಿಸಿ, ಮತ್ತೆ ಕಟ್ಟಿದ್ದು.
ಅದಕ್ಕೂ ಕೊಂಡಿಯಿಲ್ಲ.
ಎರಡು ಸುತ್ತು, ಒಳಗಿಂದ ಒಂದು ಎಳೆ, ಹಲ್ಲಿನಲ್ಲಿ ಕಚ್ಚಿ ಬಿಗಿ.
ಬಿಚ್ಚಲೆಂದು ಹಾಕಿದ ಗಂಟಲ್ಲ ಅದು.

ಈ ಪೆಟ್ಟಿಗೆಯಲ್ಲೂ ಅದೇ.
ಎರಡು ಸುತ್ತು. ಒಳಗಿಂದ ಒಂದು ಎಳೆ.
ಯಾವ ಊರಿನ ಯಾವ ಹುಡುಗಿಯ ಹಲ್ಲೋ,
ತುಂಡಿಗಿಷ್ಟೆಂದು ಕೂಲಿ ಎಣಿಸುತ್ತ ಕಚ್ಚಿದ್ದು.
ಸಾಗಣೆಯ ದಾರಕ್ಕೆ ಇಷ್ಟು ಬಿಗಿ ಯಾಕಪ್ಪಾ ಬೇಕು?

ಬರೆದೆ: ಎಪ್ಪತ್ತೊಂದು ಹದಿನೇಳು ತೊಂಬತ್ತು.
ನಕಲಿ ಆಭರಣ, ಲೋಹದ್ದಲ್ಲ, ಸೊಂಟಕ್ಕೆ ಕಟ್ಟುವಂಥದ್ದು.
ಅಯಿಟೆ ನಗುವನ್ನು ಜೇಬಿಗೆ ವಾಪಸು ಹಾಕಿಕೊಂಡ.
ಮೇಲ್ಮನವಿ ಹಾಕುತ್ತಾನೆ. ಹಾಕಲಿ.

ಸಹಿ ಮಾಡುವಾಗ ಮಾತ್ರ ಪೆನ್ನು ತಡೆಯಿತು.
ದೂರದ ಯಾವುದೋ ಬಂದರಿನ ಮೇಜಿನ ಮೇಲೆ
ಅಜ್ಜಿಯ ಸರವನ್ನು ಇಟ್ಟರೆ
ಇದೇ ಟಿಪ್ಪಣಿ ಓದಿ ಅಲ್ಲಿಯ ಸುಂಕದವಳೂ ಇದನ್ನೇ ಬರೆಯಬೇಕು:
ಮುತ್ತಿಲ್ಲ, ರತ್ನವಿಲ್ಲ, ಚಿನ್ನವಿಲ್ಲ, ಆದ್ದರಿಂದ ನಕಲಿ.
ಯಾವುದರ ನಕಲು ಎಂದು
ಟಿಪ್ಪಣಿ ಹೇಳುವುದಿಲ್ಲ.

ಮಧ್ಯಾಹ್ನ ಬುತ್ತಿಯ ಕೆಂಕೆ ಬಿಚ್ಚಲು ಬಗ್ಗಿದಾಗ
ಸೊಂಟದಲ್ಲಿ ಮಣಿಗೆ ಮಣಿ ತಾಗಿ ಸಣ್ಣ ಸದ್ದು.
ಘೋಷಿಸದ ಸರಕು.
ಹತ್ತೊಂಬತ್ತು ವರ್ಷದಿಂದ ದಿನವೂ
ಈ ಗೇಟು ದಾಟುತ್ತಿದೆ.