ಇಪ್ಪತ್ತೇಳು, ನಲವತ್ತು

ಇಪ್ಪತ್ತು ವರ್ಷ ಯಾರೂ ತಡೆಯದೆ ನಡೆದರೆ
ಇಲ್ಲಿ ಕಾಲುದಾರಿ ಊರಿನದಾಗುತ್ತದೆ.
ಕಾನೂನು ಅಷ್ಟೇ. ಸಾಕ್ಷಿ ಮಾತ್ರ ಬೇಕು:
ನಡೆದವರ ಹೆಸರು, ವಿಳಾಸ, ಫೋನು, ರುಜು,
ನಕ್ಷೆಯ ಮೇಲೆ ಅವರ ಕೈಯಾರೆ ಎಳೆದ ಕೆಂಪು ಗೆರೆ.

ವೇಲ್ಸಿನ ಒಂದು ಕೌಂಟಿ ಕೌನ್ಸಿಲಿನಲ್ಲಿ
ಆ ಹೆಸರುಗಳನ್ನು ಕಾಯುವವಳು ನಾನು.
ನನ್ನ ಹೆಸರು ಮೆರೆರಿದ್. ಅದನ್ನು ಹೇಳಬಹುದು,
ಬಾಗಿಲಿನ ಫಲಕದಲ್ಲೇ ಇದೆ.
ಉಳಿದವರದು ಕೇಳಬೇಡಿ.
ಕಾಯುವುದೆಂದರೆ ಹೆಚ್ಚಿನಂಶ ಅಳಿಸುವುದು:
ಬೀಗದ ಬೀರು ಒಂದು, ಪಾಸ್‌ವರ್ಡು ಎರಡು,
ದಪ್ಪ ಮೂತಿಯ ಈ ಕರಿ ಪೆನ್ನು.

ಕುಮ್ ಹೆಸ್ಗಿನ್ ಕಣಿವೆಯ ಹೊಲ ಕೊಂಡವನು
ದಾರಿಗೆ ಗೇಟು ಜಡಿದ.
ಮೂರೇ ವಾರದಲ್ಲಿ ನಲವತ್ಮೂರು ಅರ್ಜಿ ಬಂದವು.
ಒಂದರ ಮೇಲೆ ಚಹಾ ಲೋಟದ ಉಂಗುರ,
ಒಂದಕ್ಕೆ ಕುರಿಯುಣ್ಣೆಯ ಎಳೆ ಅಂಟಿತ್ತು.
ಕುರಿಯ ಒಪ್ಪಿಗೆ ಪಡೆದಿದ್ದೀಯಾ ಎಂದ ರೋಡ್ರಿ, ನನ್ನ ಮೇಲಿನವನು.
ಕಿತ್ತು ಬಿಸಾಡಲು ಮಾತ್ರ ಅವನಿಗೂ ಕೈ ಬರಲಿಲ್ಲ.

ಇಪ್ಪತ್ತೇಳನೆಯದು ಬೇಕರಿಯ ಹಳೆಯ ಲಕೋಟೆಯಲ್ಲಿ ಬಂತು.
ಎಷ್ಟು ವರ್ಷ ನಡೆದಿರಿ? ಮೂವತ್ತೊಂದು.
ಎಷ್ಟು ಸಲ? ಮಂಗಳವಾರ ಮಂಗಳವಾರ.
ಕಾಲ್ನಡಿಗೆಯೋ ಕುದುರೆಯೋ ಸೈಕಲ್ಲೋ?
ಕಾಲು. ಒಂದು ಚಳಿಗಾಲ ಕಾಲೂ ಕೋಲೂ.
ಯಾರಾದರೂ ತಡೆದರೆ? ಒಮ್ಮೆ, ಒಂದು ಹೆಬ್ಬಾತು.
ಯಾವ ಉದ್ದೇಶಕ್ಕೆ?
ಇದಕ್ಕೆ ಕೊಟ್ಟದ್ದು ಎರಡು ಗೆರೆಯ ಜಾಗ.
ಅವರು ಹಾಳೆ ತಿರುಗಿಸಿ ಬೆನ್ನಿನ ಮೇಲೂ ಬರೆದಿದ್ದರು.

ಮೂರನೆಯವರ ಹೆಸರು ಹೊರಗೆ ಹೋಗಕೂಡದು.
ಗೇಟಿನವನ ವಕೀಲರಿಗೆ ಕಳಿಸುವ ಪ್ರತಿಯಲ್ಲಿ
ಇಷ್ಟು ಉಳಿಯಿತು:

ದಾರಿಯ ಕೊನೆಗೆ ■■■■■■ ಮನೆ.
■■■■ಗೆ ಬ್ರೆಡ್ಡು ಒಯ್ಯುತ್ತಿದ್ದೆ.
ಬೇಕರಿ ಮುಚ್ಚಿತು.
ಆಮೇಲೂ ಹೋಗುತ್ತಿದ್ದೆ.

ಕೊನೆಯ ಸಾಲು ವೈಯಕ್ತಿಕವೋ ಅಲ್ಲವೋ?
ಕೈಪಿಡಿಯನ್ನು ಎರಡು ಸಲ ತಿರುವಿದೆ.
ಹೆಸರಿಲ್ಲ, ಮನೆ ನಂಬರಿಲ್ಲ, ರೋಗವಿಲ್ಲ, ಮತವಿಲ್ಲ.
ಮುಚ್ಚಳ ತೆಗೆದೆ. ಹಾಕಿದೆ.
ಪೆನ್ನಿನ ವಾಸನೆ ಸಂಜೆಯವರೆಗೆ ಬೆರಳಲ್ಲಿತ್ತು.
ಸಾಲು ಹಾಗೇ ಹೋಯಿತು.

ನಲವತ್ತನೆಯದು ದಾರಿಯ ಕೊನೆಯ ಮನೆಯಿಂದ.
ನೀವು ನಡೆದಿರಾ? ಇಲ್ಲ, ■■■■ ನೋವು.
ಬೇರೆಯವರು ನಡೆದದ್ದು ಕಂಡಿರಾ? ಕಂಡಿದ್ದೇನೆ.
ಯಾವಾಗ? ಮಂಗಳವಾರ.
ಯಾರು?
ಅದನ್ನು ಹೇಳುವುದೂ ಬಿಡುವುದೂ ಅವರಿಗೆ ಸೇರಿದ್ದು.

ಇಷ್ಟನ್ನು ಕಲಿಸಲು ಕೌನ್ಸಿಲು ನನ್ನನ್ನು
ಎರಡು ದಿನ ಹೋಟೆಲಿನಲ್ಲಿ ಕೂರಿಸಿತ್ತು, ಊಟ ಸಮೇತ.
ಆಕೆಗೆ ಯಾರು ಕಲಿಸಿದರು?

ಫೋನು ಈಮೇಲುಗಳ ಆಯುಸ್ಸು ಆರು ವರ್ಷ,
ಆಮೇಲೆ ನಾನೇ ಅಳಿಸಬೇಕು.
ಹೇಳಿಕೆಗಳದು ಮಾತ್ರ ದಾರಿ ಇರುವ ತನಕ.
ಇಪ್ಪತ್ತೇಳಕ್ಕೂ ನಲವತ್ತಕ್ಕೂ ನಡುವೆ
ಬೇರೆಯವರ ಹನ್ನೆರಡು ಅರ್ಜಿ.
ಸಂಖ್ಯೆ ತಪ್ಪಿಸಿ ಪಕ್ಕಪಕ್ಕ ಇಡುವ ಹಾಗಿಲ್ಲ.
ಎರಡನ್ನೂ ಓದಿದವಳು ಈ ಜಗತ್ತಿನಲ್ಲಿ ನಾನೊಬ್ಬಳೇ,
ಯಾರಿಗೂ ಹೇಳುವ ಹಾಗಿಲ್ಲ.

ಮಾರ್ಚಿನಲ್ಲಿ ಗೇಟು ಕಿತ್ತರು.
ಈಗಲ್ಲಿ ಕಂಬಕ್ಕೊಂದು ಎಣಿಸುವ ಪೆಟ್ಟಿಗೆ.
‘ಇದು ಮೈಶಾಖವನ್ನು ಮಾತ್ರ ಗುರುತಿಸುತ್ತದೆ, ಮುಖವನ್ನಲ್ಲ’:
ಆ ಫಲಕದ ಮಾತು ನನ್ನದೇ, ವೆಲ್ಷಿನಲ್ಲೂ ಇಂಗ್ಲಿಷಿನಲ್ಲೂ.
ತಿಂಗಳಿಗೊಮ್ಮೆ ಲೆಕ್ಕ ಬರುತ್ತದೆ.
ಭಾನುವಾರ ಎಂಬತ್ತು ತೊಂಬತ್ತು, ನಾಯಿಗಳೂ ಸೇರಿ.
ಮಂಗಳವಾರ, ಜಡಿಮಳೆಯಲ್ಲೂ, ಎರಡು:
ಹತ್ತಕ್ಕೆ ಒಂದು ಮೇಲಕ್ಕೆ,
ನಾಲ್ಕಕ್ಕೆ ಒಂದು ಕೆಳಕ್ಕೆ.

ಕಳೆದ ತಿಂಗಳು ಒಂದು ಮಂಗಳವಾರ
ಮೇಲಕ್ಕೆ ಒಂದು. ಕೆಳಕ್ಕೆ ಯಾರೂ ಇಲ್ಲ.
ಕೆಳಗಿಳಿದ ಲೆಕ್ಕ ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ.
ಯಂತ್ರದ ದೋಷವೆಂದು ಷರಾ ಬರೆಯಲು ಹೊರಟ ರೋಡ್ರಿ.
ಬೇಡ ಎಂದೆ, ನಿಯಮ ತೋರಿಸಿದೆ:
ಎಣಿಕೆ ಐದಕ್ಕಿಂತ ಕಡಿಮೆಯಿದ್ದರೆ
ಅಂಕಿ ಪ್ರಕಟಿಸಕೂಡದು, ಬದಲಿಗೆ ಚುಕ್ಕಿ ಇಡತಕ್ಕದ್ದು.

ಮಂಗಳವಾರಕ್ಕೊಂದು ಚುಕ್ಕಿ ಇಟ್ಟೆ.
ಬುಧವಾರಕ್ಕೊಂದು.