ಆಲೂಗಡ್ಡೆ ಮಾತಾಡುವುದಿಲ್ಲ

(ಲಿಥುವೇನಿಯಾದ ಕೌನಸ್ ಊರಿನಲ್ಲಿ, ಆರನೆಯ ತರಗತಿಗೆ ಹಿಂದಾ ಅಜ್ಜಿ ಹೇಳಿದ್ದು)

ಮೊದಲೇ ಹೇಳಿಬಿಡುತ್ತೇನೆ, ಮಕ್ಕಳೇ,
ನಾನು ಬದುಕಿದೆ. ಇಗೋ, ಕೂತಿದ್ದೇನಲ್ಲ ನಿಮ್ಮೆದುರಿಗೇ,
ಮಂಡಿನೋವು, ಕಿವಿಯಲ್ಲೊಂದು ಯಂತ್ರ, ಚೀಲದ ತುಂಬ ಪೆಪ್ಪರಮೆಂಟು.
ಆದ್ದರಿಂದ ನನಗೇನಾಯಿತೋ ಎಂದು ಹೆದರಬೇಡಿ.

ನನಗಾಗ ಏಳು ವರ್ಷ.
ನದಿಯಾಚೆ, ಮುಳ್ಳುತಂತಿಯ ಒಳಗೆ ನಮ್ಮ ಬೀದಿ.
ಯೆಹೂದಿಗಳು ಎಂದು ತಿಳಿಯಲಿಕ್ಕೆ ಹಳದಿ ನಕ್ಷತ್ರ,
ಎದೆಗೊಂದು, ಬೆನ್ನಿಗೊಂದು.
ಅಮ್ಮನೇ ಹೊಲಿದದ್ದು. ಸಣ್ಣ ಸಣ್ಣ ಹೊಲಿಗೆ,
ಹಬ್ಬದ ಅಂಗಿಗೆ ಹಾಕುತ್ತಿದ್ದಂಥದೇ.
ಏನು ಮಾಡುವುದು, ಅವಳಿಗೆ ಒರಟಾಗಿ ಹೊಲಿಯಲು
ಬರುತ್ತಲೇ ಇರಲಿಲ್ಲ.

ಒಂದು ರಾತ್ರಿ ಅಪ್ಪ ಗೋಣಿಚೀಲ ತಂದ.
ಹೊಸ ಆಟ, ಒಳಗೆ ಕೂರು ಎಂದ.
ನೀನು ಯಾರು?
ಆಲೂಗಡ್ಡೆ.
ಆಲೂಗಡ್ಡೆಗೆ ಮೂಗು ತುರಿಸುತ್ತದೆಯೇ?
ಇಲ್ಲ.
ಯಾರಾದರೂ ಒದ್ದರೆ?
ಉರುಳುತ್ತದೆ, ಅಷ್ಟೆ.
ಕತ್ತಲೆಂದರೆ ಭಯವೇ?
ಅಯ್ಯೋ ಅಪ್ಪಾ, ಅದು ಬೆಳೆಯುವುದೇ ಕತ್ತಲಲ್ಲಿ!
ಅಪ್ಪ ನಕ್ಕ. ಆಮೇಲೆ ಗೋಡೆಯ ಕಡೆ ತಿರುಗಿ ನಿಂತ.

ನನ್ನ ತಮ್ಮ ಲೈಬ್ಕೆಗೆ ಮೂರೇ ವರ್ಷ.
ಚೀಲದ ಬಾಯಿ ಕಟ್ಟಿದ್ದೇ ತಡ,
"ನಾನು ಆಲೂಗಡ್ಡೆ!" ಎಂದು ಕೂಗಿಬಿಡುತ್ತಿದ್ದ.
ಹತ್ತು ಸಲ ಆಡಿದೆವು, ಹತ್ತು ಸಲವೂ ಕೂಗಿದ.
ನಗು ಬಂದರೆ ನಗಿ. ನಾವೂ ನಕ್ಕಿದ್ದೆವು.

ಗಾಡಿಯಲ್ಲಿ ಹೋದದ್ದು ನಾನೊಬ್ಬಳೇ.

ಗೇಟಿನ ಹತ್ತಿರ ಒಂದು ಬೂಟು ಬಂದು ತಾಗಿತು.
ಉರುಳಿದೆ.
ಆಮೇಲೆ ಚಕ್ರದ ಸದ್ದು ಬದಲಾಯಿತು, ಟೊಳ್ಳಾಯಿತು,
ಸೇತುವೆ ಎಂದುಕೊಂಡೆ.
ಗೋಣಿಯ ಕಣ್ಣುಗಳಲ್ಲಿ ಸೂಜಿಮೊನೆಯಷ್ಟು ಆಕಾಶ.

ಚೀಲ ಬಿಚ್ಚಿದವಳು ಪೆಟ್ರೊನೆಲೆ, ಜೇನು ಸಾಕುವವಳು.
"ಬಂದೆಯಾ ಮಗು, ಮಾತಾಡು" ಅಂದಳು.
ಮಾತಾಡಲಿಲ್ಲ ನಾನು.
ಹನ್ನೊಂದು ದಿನ.
ಆಟ ಮುಗಿಯಿತೆಂದು ಅಪ್ಪ ಬಂದು ಹೇಳಬೇಕಿತ್ತಲ್ಲ?

ಹನ್ನೆರಡನೆಯ ದಿನ ಜೇನ್ನೊಣ ಕಚ್ಚಿತು.
ಕಿರುಚಿದೆ, ಯಿದ್ದಿಷ್‌ನಲ್ಲಿ, ನನ್ನ ಮನೆಮಾತಿನಲ್ಲಿ.
ಪೆಟ್ರೊನೆಲೆ ಬಾಯಿ ಮುಚ್ಚಿ ಒಳಗೆ ಎಳೆದುಕೊಂಡಳು,
ಊದಿದ ಬೆರಳಿಗೆ ಜೇನು ಸವರಿದಳು,
ಆ ಸಂಜೆ ನಿಧಾನವಾಗಿ
ಲಿಥುವೇನಿಯನ್ ಭಾಷೆಯಲ್ಲಿ ಅಳುವುದನ್ನು ಕಲಿಸಿದಳು.
ಅಂದಿನಿಂದ ನನ್ನ ಹೆಸರು ದನುತೆ.

ಮುಂದಿನ ಮಾರ್ಚಿನಲ್ಲಿ ಎರಡು ದಿನ
ತಂತಿಯೊಳಗೆ ಸೈನಿಕರು ಮಕ್ಕಳನ್ನು ಹುಡುಕಿದರು,
ಮಂಚದಡಿ, ಅಟ್ಟ, ಒಲೆಯ ಗೂಡು.
ಲೈಬ್ಕೆ ಎಲ್ಲಿ ಅಡಗಿದ್ದನೋ,
ಕೂಗಿದನೋ, ಕೊನೆಗೂ ಆಟ ಕಲಿತಿದ್ದನೋ,
ಹೇಳಲು ಯಾರೂ ಉಳಿದಿಲ್ಲ. ಅಪ್ಪ ಇಲ್ಲ, ಅಮ್ಮ ಇಲ್ಲ.
ಇಲ್ಲಿ ನಾನೊಂದು ಕತೆ ಕಟ್ಟಬಹುದಿತ್ತು, ನಿಮಗೂ ಸಮಾಧಾನವಾಗುತ್ತಿತ್ತು.
ಕಟ್ಟುವುದಿಲ್ಲ.

ಏನಪ್ಪಾ, ಕೊನೆಯ ಬೆಂಚಿನವನೇ, ರೋಕಸ್ ಅಲ್ಲವೇ?
ಈಗಲೂ ಆಲೂಗಡ್ಡೆ ತಿನ್ನುತ್ತೀರಾ ಎಂದೆಯಾ?
ಇವನ ಮಾತಿಗೆ ಟೀಚರು ಯಾಕೆ ಕಣ್ಣು ಬಿಡುತ್ತಾರೆ?
ಒಳ್ಳೆಯ ಪ್ರಶ್ನೆ.

ತಿನ್ನುತ್ತೇನೆ. ಬೆಣ್ಣೆ, ಉಪ್ಪು ಹಾಕಿ.
ಅಂಗಡಿಯಿಂದ ತಂದ ಚೀಲ ಬಿಚ್ಚುವಾಗ ಮಾತ್ರ
ಈ ಯಂತ್ರದ ಗುಂಡಿ ತಿರುಗಿಸಿ
ಸದ್ದು ಸ್ವಲ್ಪ ಜಾಸ್ತಿ ಮಾಡಿಕೊಳ್ಳುತ್ತೇನೆ.

ಹ್ಞಾಂ, ಪೆಪ್ಪರಮೆಂಟು. ಹಿಂದಿನ ಸಾಲಿಗೂ ದಾಟಿಸಿ.